ಎಡಗಡೆಯ ಪೆಡಲ್

ನಾನು ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಕಿಟಕಿಯಾಚೆಯಿಂದ ಚೀಟಿ ಹಿಡಿದ ಒಂದು ಕೈ ಬರುತ್ತದೆ, ಈಚೆಯಿಂದ ಸಾಮಾನು ಹೋಗುತ್ತದೆ. ಪೈಪ್ ರೆಂಚು, ಹದಿನಾಲ್ಕು ಇಂಚಿನದು, ಎರಡನೇ ಕಪಾಟಿನ ಕೆಳಗಿನ ಅರೆ. ಹ್ಯಾಕ್ಸಾ ಬ್ಲೇಡು, ಹನ್ನೆರಡು ಇಂಚಿನದು, ಮೇಲಿನ ಡ್ರಾಯರು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ತಂದುಕೊಟ್ಟೇನು. ಆದರೆ ಆ ಪೈಪ್ ರೆಂಚು ಹಿಡಿದುಕೊಂಡು ಹೋದವನು ಅದರಿಂದ ಏನು ಮಾಡುತ್ತಾನೆ ಎಂದು ನಾನು ಒಮ್ಮೆಯೂ ನೋಡಲು ಹೋಗಿಲ್ಲ. ಅದು ನನ್ನ ವಿಭಾಗವಲ್ಲ. ಮನೆಯಲ್ಲಿ ನಲ್ಲಿ ಸೋರಿದರೆ ಪ್ಲಂಬರನ್ನು ಕರೆಯುತ್ತೇನೆ, ಬಲ್ಬು ಹೋದರೆ ಹೆಂಡತಿಯನ್ನು.

ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಒಂದು ಸಂಜೆ ಅವಳು ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿದಳು. ಆಸ್ಪತ್ರೆಯ ಹೆಂಗಸರೆಲ್ಲ ಸೇರಿ ಸೈಕಲ್ಲಿನಲ್ಲಿ ಬೆಟ್ಟ ಹತ್ತುತ್ತಾರಂತೆ. ಇನ್ನೂ ನಾಲ್ಕು ತಿಂಗಳಿದೆ.

"ನಾನೂ ಹೆಸರು ಕೊಟ್ಟಿದ್ದೀನಿ ರೀ" ಎಂದಳು.

"ನೀನಾ? ಬೆಟ್ಟಕ್ಕಾ?"

"ಹದಿನೆಂಟು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸಣ್ಣಸಣ್ಣದನ್ನೇ ನೋಡ್ಕೊಂಡು ಕೂತಿದ್ದೀನಿ. ಒಂದ್ಸಲ ಎತ್ತರದಲ್ಲಿ ನಿಂತ್ಕೊಂಡು ದೂರದ್ದು ಏನಾದ್ರೂ ನೋಡ್ಬೇಕು ಅನ್ಸಿದೆ."

ಮದುವೆಯಾದ ಮೇಲೆ ಅವಳು ನನ್ನಿಂದ ಕೇಳಿದ್ದು ಕಡಿಮೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಬೇಡಿ ಎಂದು ಕೇಳಿದ್ದಳು, ಅದನ್ನೂ ನಾನು ನಡೆಸಿಕೊಟ್ಟಿಲ್ಲ. ಹಾಗಾಗಿ ಇದನ್ನಾದರೂ ನಡೆಸಿಕೊಡಬೇಕೆನಿಸಿತು. ಅಷ್ಟಕ್ಕೇ ಸುಮ್ಮನಿದ್ದು, ಒಂದು ಗೇರ್ ಸೈಕಲ್ ಕೊಂಡು ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳ ತಮ್ಮ, ಅಂದರೆ ನನ್ನ ಭಾವಮೈದ, ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ.

"ಬೆಟ್ಟಕ್ಕೆ ಅಂದ್ರೆ ಮೌಂಟನ್ ಬೈಕೇ ಆಗ್ಬೇಕು ಅಕ್ಕಾ. ನಾನೇ ಬಂದು ಆರಿಸಿ ಕೊಡ್ತೀನಿ. ಭಾವನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ!"

ನನಗೆ ಎಲ್ಲಿಲ್ಲದ ರೋಷ ಬಂತು.

"ಆರಿಸೋದೇನು ಬಂತು? ಯಾರೋ ಅವಸರದಲ್ಲಿ ಜೋಡಿಸಿದ ಸೈಕಲ್ ನಂಬ್ಕೊಂಡು ಬೆಟ್ಟ ಹತ್ತೋಕಾಗುತ್ತಾ? ಬಿಡಿಭಾಗ ತರಿಸಿ ನಾನೇ ಕಟ್ತೀನಿ."

ಭಾವಮೈದನಿಗೆ ಕಾಫಿ ಮೂಗಿಗೆ ಹತ್ತಿತು. ಅವನು ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಆಡಿದ ಮಾತು ಆಡಿಯಾಗಿತ್ತು. ಹೆಂಡತಿ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, "ನಿಜವಾಗ್ಲೂ ಕಟ್ತೀರಾ?" ಎಂದಳು. ಆ ಕಣ್ಣಿನಲ್ಲಿ ನನ್ನ ಬಗ್ಗೆ ಅಷ್ಟು ಆಸೆ ಕಂಡು ಬಹಳ ಕಾಲವಾಗಿತ್ತು. ಹೂಂ ಎಂದುಬಿಟ್ಟೆ.

ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿಯೇ ಆರಂಭಿಸಿದೆ. ಮೊದಲು ಉಪಕರಣ. ಆರು ಮೂಲೆಯ ತಿರುಪಿಗೆ ಹಾಕುವ ಅಲೆನ್ ಕೀಗಳು ಒಂದು ಸೆಟ್, ಚೈನಿನ ಕೊಂಡಿ ಕಳಚುವ ಸಾಧನ, ಬ್ರೇಕಿನ ತಂತಿ ಕತ್ತರಿಸುವ ಇಕ್ಕಳ, ಹಿಂದಿನ ಗಾಲಿಯ ಹಲ್ಲುಚಕ್ರ ಬಿಚ್ಚುವ ಕೀಲಿ, ಎಷ್ಟು ಬಿಗಿ ಮಾಡಿದೆ ಎಂದು ಅಂಕಿಯಲ್ಲಿ ತೋರಿಸುವ ಟಾರ್ಕ್ ರೆಂಚು, ಪೆಡಲಿಗೆಂದೇ ಉದ್ದ ಹಿಡಿಯ ಸ್ಪ್ಯಾನರು, ಸೈಕಲ್ಲನ್ನು ಎತ್ತಿ ಹಿಡಿಯುವ ಸ್ಟ್ಯಾಂಡು. ಒಟ್ಟು ಮೂವತ್ತೊಂದು. ಮುಂದಿನ ಕೋಣೆಯ ಗೋಡೆಗೆ ಹಲಗೆ ಹೊಡೆಸಿ (ಬಡಗಿಯ ಕೈಯಲ್ಲಿ), ಪ್ರತಿಯೊಂದು ಉಪಕರಣವನ್ನೂ ಹಲಗೆಗೆ ಒತ್ತಿ ಹಿಡಿದು ಸುತ್ತ ಗೆರೆ ಎಳೆದು, ಒಳಗೆ ನಂಬರು ಬರೆದೆ. ಯಾವುದನ್ನು ಎತ್ತಿದರೂ ಅದರ ಖಾಲಿ ಆಕೃತಿ ಗೋಡೆಯ ಮೇಲೆ ಉಳಿಯಬೇಕು, ಅದು ನಮ್ಮ ಸ್ಟೋರಿನ ಪದ್ಧತಿ. ಒಂದು ರಿಜಿಸ್ಟರನ್ನೂ ತೆರೆದೆ. ಉಪಕರಣ ಬೇಕಾದರೆ ಚೀಟಿ ಬರೆಯಬೇಕು: ಬೇಡಿಕೆದಾರರ ಸಹಿ, ವಿತರಕರ ಸಹಿ. ಎರಡೂ ನನ್ನದೇ, ಆದರೆ ಎರಡು ಬೇರೆಬೇರೆ ಪೆನ್ನಿನಲ್ಲಿ.

ಬಿಡಿಭಾಗದ ಡಬ್ಬಗಳೂ ಬಂದವು. ಒಂದು ಭಾನುವಾರ ಕಚೇರಿಯ ಗಾಂಭೀರ್ಯದಿಂದ ನಾಲ್ಕನೇ ನಂಬರಿನ ಅಲೆನ್ ಕೀಗೆ ಚೀಟಿ ಬರೆದು, ಮಂಜೂರು ಮಾಡಿ, ಪಡೆದುಕೊಂಡು, ಡಬ್ಬಗಳ ನಡುವೆ ಕೂತೆ. ಮಧ್ಯಾಹ್ನದವರೆಗೂ ಕೂತೇ ಇದ್ದೆ. ಪ್ರತಿಯೊಂದು ಭಾಗದ ಹೆಸರೂ ಗೊತ್ತು, ಯಾವುದು ಯಾವುದರೊಳಗೆ ಹೋಗುತ್ತದೆ ಎಂಬುದೊಂದು ಗೊತ್ತಿಲ್ಲ. ಕೊನೆಗೆ ಅಲೆನ್ ಕೀಯನ್ನು ವಾಪಸು ಪಡೆದಿದ್ದೇನೆ ಎಂದು ನನಗೆ ನಾನೇ ಬರೆದುಕೊಟ್ಟು, ಅದರ ಆಕೃತಿಯೊಳಗೆ ನೇತುಹಾಕಿದೆ.

ಮರುದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಕಚೇರಿಗೆ ರಜೆ ಹಾಕಿ, ಡಬ್ಬ ಮತ್ತು ಉಪಕರಣ ಎಲ್ಲವನ್ನೂ ಬಾಡಿಗೆ ಗಾಡಿಯಲ್ಲಿ ತುಂಬಿಸಿಕೊಂಡು ಹಿಂದಿನ ಬೀದಿಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಮಿತಭಾಷಿ, ವಯಸ್ಸಾದವರು. ಒಂದೇ ಹಗಲಿನಲ್ಲಿ ಸೈಕಲ್ ಎದ್ದು ನಿಂತಿತು. ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಅವರು ಕೈ ಚಾಚುವ ಮೊದಲೇ ಬೇಕಾದ ಉಪಕರಣ ಕೈಗಿಡುತ್ತಿದ್ದೆ. ಚೀಟಿ ಕೇಳಲಿಲ್ಲ, ಅದು ನನ್ನ ದೊಡ್ಡತನ.

"ಸಾರ್, ನಿಮಗೆ ಎಲ್ಲಾ ಗೊತ್ತಿದೆ, ಮಾಡೋದೊಂದು ಗೊತ್ತಿಲ್ಲ ಅಷ್ಟೆ" ಎಂದರು ಯಜಮಾನರು. ಅದನ್ನು ನಾನು ಹೊಗಳಿಕೆ ಎಂದೇ ಸ್ವೀಕರಿಸಿದೆ. ಕೊನೆಗೆ ಪೆಡಲ್ ಹಾಕುವಾಗ ಅವರು, "ಒಂದೆರಡು ಟೀ ಹೇಳಿ ಬನ್ನಿ" ಎಂದರು. ನಾನು ಹೇಳಲು ಹೋದೆ. ಟೀ ಹೇಳಿ ಬರುವಷ್ಟರಲ್ಲಿ ಎರಡೂ ಪೆಡಲ್ ಕೂತಿದ್ದವು. ನನ್ನ ಬದುಕಿನಲ್ಲಿ ಅಷ್ಟು ದುಬಾರಿಯಾದ ಟೀ ಇನ್ನೊಂದಿಲ್ಲ.

ಸಂಜೆ ಮನೆಯಲ್ಲಿ ಸೈಕಲ್ ಸ್ಟ್ಯಾಂಡಿನ ಮೇಲೆ, ಉಪಕರಣಗಳು ಗೋಡೆಯ ಮೇಲೆ, ನಾನು ಎರಡರ ನಡುವೆ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು. ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ನೀಲಿ ಬಣ್ಣ, ದಪ್ಪ ಟೈರು. ಅವಳು ಗಂಟೆ ಬಾರಿಸಿ ನೋಡಿದಳು, ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟಳು. ಸತ್ಯ ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ಆದರೆ ಭುಜದ ಮೇಲಿನ ಕೈ ಅಲ್ಲಿಂದ ಜಾರಿಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಎದುರು ಮನೆಯ ವ್ಯಾಯಾಮದ ಮೇಷ್ಟ್ರು ದಿನಕ್ಕೊಮ್ಮೆ ಬಂದು ಗೋಡೆಯ ಮುಂದೆ ಕೈಕಟ್ಟಿ ನಿಲ್ಲತೊಡಗಿದರು. ಕಚೇರಿಯಲ್ಲಿ ನಮ್ಮ ಎಂಜಿನಿಯರ್ ಸಾಹೇಬರು ತಡವಾಗಿ ಬಂದ ಫಿಟ್ಟರುಗಳನ್ನು ಸಾಲಾಗಿ ನಿಲ್ಲಿಸಿ, "ಸ್ಟೋರ್ ಕೀಪರನ್ನ ನೋಡಿ ಕಲೀರ್ರಿ! ಒಬ್ರೇ ಕೂತು ಸೈಕಲ್ ಕಟ್ಟಿದ್ದಾರೆ!" ಎಂದು ಗದರಿದರು. ಭಾವಮೈದ ಮೂರು ಸಲ ಬಂದು ಸೈಕಲ್ಲನ್ನು ಅಲ್ಲಾಡಿಸಿ, ಬಗ್ಗಿ ನೋಡಿ, ತಪ್ಪು ಸಿಗದೆ, "ಭಾವಾ, ನಾನು ನಿಮ್ಮನ್ನ ಏನೋ ಅಂದ್ಕೊಂಡಿದ್ದೆ" ಎಂದು ಒಪ್ಪಿಕೊಂಡ. ನಾನು ಸುಮ್ಮನೆ ನಕ್ಕೆ. ಸುಳ್ಳನ್ನು ಸಾಕುವುದಕ್ಕೆ ಹೆಚ್ಚು ಶ್ರಮವಿಲ್ಲ, ನಕ್ಕರೆ ಸಾಕು, ತಾನಾಗಿ ಬೆಳೆಯುತ್ತದೆ.

ಹೆಂಡತಿ ಮಾತ್ರ ಇದಾವುದರ ಗೋಜಿಗೆ ಹೋಗಲಿಲ್ಲ. ಮೂರು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಸೈಕಲ್ ತುಳಿದಳು. ಮೊದಲ ವಾರ ಬೀದಿಯ ತಿರುವಿನ ತನಕ, ಆಮೇಲೆ ನೀರಿನ ಟ್ಯಾಂಕಿನ ಏರಿನ ತನಕ, ಆಮೇಲೆ ಟ್ಯಾಂಕನ್ನೂ ದಾಟಿ. ಮನೆಗೆ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾ, "ಇವತ್ತು ಇಳೀದೇ ಹತ್ತಿದೆ ರೀ!" ಎನ್ನುತ್ತಿದ್ದಳು. ಆ ಮುಖ ನೋಡಿದಾಗ ನನಗೆ ಸಂತೋಷವೂ ಆಗುತ್ತಿತ್ತು, ಗೋಡೆಯ ಮೇಲಿನ ಉಪಕರಣಗಳತ್ತ ನೋಡಲು ಸಂಕೋಚವೂ ಆಗುತ್ತಿತ್ತು.

ಹೀಗೆ ಬೆಟ್ಟದ ಹಿಂದಿನ ದಿನ, ಶನಿವಾರ ಬಂತು. ಸೈಕಲ್ಲುಗಳನ್ನೆಲ್ಲ ಒಂದೇ ವ್ಯಾನಿನಲ್ಲಿ ಒತ್ತಾಗಿ ಪೇರಿಸಿ ಬೆಟ್ಟದ ಬುಡಕ್ಕೆ ಸಾಗಿಸುವ ಏರ್ಪಾಡು. ಒಂದರ ಪೆಡಲ್ ಇನ್ನೊಂದಕ್ಕೆ ಗೀಚದಿರಲಿ ಎಂದು ಒಂದು ಸೂಚನೆ ಕಳಿಸಿದ್ದರು: ಎರಡೂ ಪೆಡಲ್ ಬಿಚ್ಚಿರಬೇಕು, ವ್ಯಾನು ಐದು ಗಂಟೆಗೆ ಬರುತ್ತದೆ, ಪೆಡಲ್ ಬಿಚ್ಚದ ಸೈಕಲ್ಲನ್ನು ಹತ್ತಿಸಿಕೊಳ್ಳುವುದಿಲ್ಲ.

"ಅದೇನು ನಿಮಗೆ ಎರಡು ನಿಮಿಷದ ಕೆಲಸ" ಎಂದು ಹೇಳಿ ಹೆಂಡತಿ ಡ್ಯೂಟಿಗೆ ಹೋದಳು. ನಾಲ್ಕು ಗಂಟೆಗೆ ಬರುವವಳು.

ಎರಡು ಗಂಟೆಗೆ ಚೀಟಿ ಬರೆದು ಹತ್ತೊಂಬತ್ತನೇ ನಂಬರಿನ ಸ್ಪ್ಯಾನರನ್ನು ಗೋಡೆಯಿಂದ ಇಳಿಸಿದೆ. ಬಲಗಡೆಯ ಪೆಡಲಿಗೆ ಹಾಕಿ, ನಲ್ಲಿ ಬಿಚ್ಚುವ ದಿಕ್ಕಿಗೆ ತಿರುಗಿಸಿದೆ. ಬೆಣ್ಣೆಯಂತೆ ಬಂತು. ನನಗೆ ನನ್ನ ಮೇಲೆಯೇ ಅನುಮಾನ ಹುಟ್ಟಿತು: ಸೈಕಲ್ಲನ್ನು ನಾನೇ ಕಟ್ಟಿದ್ದೇನೋ, ಮರೆತಿದ್ದೇನೋ!

ಎಡಗಡೆಯದಕ್ಕೆ ಸ್ಪ್ಯಾನರ್ ಹಾಕಿ ಅದೇ ದಿಕ್ಕಿಗೆ ತಿರುಗಿಸಿದೆ. ಜಗ್ಗಲಿಲ್ಲ. ಉಸಿರು ಬಿಗಿಹಿಡಿದು ಒತ್ತಿದೆ. ಕೂದಲೆಳೆಯಷ್ಟು ಜರುಗಿದಂತೆ ಕಂಡಿತು, ಆಮೇಲೆ ಕಲ್ಲಾಯಿತು.

ಅಷ್ಟರಲ್ಲಿ ಭಾವಮೈದ ಅಕ್ಕನಿಗೆ ಶುಭ ಹಾರೈಸಲು ಬಂದ. "ಸರೀರಿ ಭಾವಾ, ನಿಮ್ಮದು ಬುದ್ಧಿಯ ಕೆಲಸ, ಇದು ತೋಳಿನ ಕೆಲಸ" ಎಂದು ತೋಳು ಮಡಚಿದ.

"ಮೊದಲು ಸಹಿ ಮಾಡು" ಎಂದೆ.

"ಭಾವಾ, ಒಂದು ಸ್ಪ್ಯಾನರಿಗಾ?"

"ಇವತ್ತು ಸ್ಪ್ಯಾನರ್ ಅಂತ ಬಿಟ್ರೆ ನಾಳೆ ಟಾರ್ಕ್ ರೆಂಚು ಹೋಗುತ್ತೆ. ಸಹಿ ಮಾಡು."

ಅವನು ಸಹಿ ಮಾಡಿ ಜಗ್ಗಿದ. ಮುಖ ಕೆಂಪಾಯಿತು, ಅಂಗಿಯ ಗುಂಡಿಯೊಂದು ಹಾರಿ ಸೋಫಾದ ಕೆಳಗೆ ಹೋಯಿತು. ಪೆಡಲ್ ಮತ್ತೆ ಕೂದಲೆಳೆಯಷ್ಟು ಜರುಗಿತು. "ಬರ್ತಾ ಇದೆ ಭಾವಾ!" ಎಂದು ಕೂಗಿದ. ಆ ಕೂಗಿಗೆ ವ್ಯಾಯಾಮದ ಮೇಷ್ಟ್ರು ರಸ್ತೆ ದಾಟಿ ಬಂದರು.

ಮೇಷ್ಟ್ರು ಮೊದಲು ಸಹಿ ಮಾಡಿದರು, ಆಮೇಲೆ ಹತ್ತು ಬಸ್ಕಿ ಹೊಡೆದರು. "ಮೈ ಬಿಸಿಯಾಗ್ದೆ ಭಾರ ಮುಟ್ಟಬಾರ್ದು" ಎಂದು ನಮಗೂ ಹೊಡೆಸಿದರು. ಬಳಿಕ ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ನನ್ನನ್ನು ಮುಂದಿನ ಗಾಲಿಯ ಮೇಲೂ ಭಾವಮೈದನನ್ನು ಹಿಂದಿನ ಗಾಲಿಯ ಮೇಲೂ ಕೂರಿಸಿ, "ಒಂದ್! ಎರಡ್! ಮೂರ್!" ಎಂದು ಎರಡೂ ಕೈಯಿಂದ ಎಳೆದರು. ಸೈಕಲ್ಲು ನಮ್ಮಿಬ್ಬರನ್ನೂ ಹೊತ್ತುಕೊಂಡು ಕೋಣೆಯಲ್ಲಿ ಅರ್ಧ ಸುತ್ತು ತಿರುಗಿತು. ಪೆಡಲ್ ಇದ್ದಲ್ಲೇ ಇತ್ತು.

"ಸ್ವಲ್ಪ ಬಂತು" ಎಂದರು ಮೇಷ್ಟ್ರು.

"ಬರ್ತಾನೇ ಇದೆ" ಎಂದ ಭಾವಮೈದ.

ಮೂರೂಕಾಲು ಆಗಿತ್ತು. ನನಗೆ ಹಿಂದಿನ ಬೀದಿಯ ಯಜಮಾನರ ನೆನಪು ಬಾರದೆ ಇರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರು. ಆದರೆ ಅವರು ಬಂದು ಸೈಕಲ್ ನೋಡಿ "ನಾನೇ ಜೋಡಿಸಿದ್ದಲ್ವಾ ಸಾರ್" ಎಂದರೆ ನನ್ನ ಗತಿಯೇನು? ಬದಲಿಗೆ ಎಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ರಜೆಯ ದಿನವೂ ಟೈ ಕಟ್ಟಿಕೊಂಡು, ಕಾರಿನ ಮೇಲೆ ನಾಲ್ಕಡಿಯ ಕಬ್ಬಿಣದ ಪೈಪು ಕಟ್ಟಿಕೊಂಡು ಬಂದರು.

ಸಾಹೇಬರು ಕನ್ನಡಕ ಏರಿಸಿ, ಪೆಡಲಿನ ಸುತ್ತ ಒಮ್ಮೆ ನಡೆದು, ತೀರ್ಪು ಕೊಟ್ಟರು. "ನೋಡಿ, ಭೂಮಿ ಮೇಲಿರೋ ಯಾವ ನಟ್ಟೇ ಆಗ್ಲಿ, ಬಲಕ್ಕೆ ತಿರುಗಿಸಿದ್ರೆ ಬಿಗಿ, ಎಡಕ್ಕೆ ತಿರುಗಿಸಿದ್ರೆ ಸಡಿಲ. ಇದು ಪ್ರಕೃತಿ ನಿಯಮ. ಇಲ್ಲಿ ದಿಕ್ಕಿನದೇನೂ ತಕರಾರಿಲ್ಲ, ಬಲ ಸಾಲ್ತಾ ಇಲ್ಲ ಅಷ್ಟೆ."

ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಲಾಯಿತು. ಪೈಪಿನ ತುದಿ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋಯಿತು. ಸಾಹೇಬರು ಎಣಿಸಿದರು, ಮೇಷ್ಟ್ರು ಅಡುಗೆಮನೆಯಿಂದ ಒತ್ತಿದರು, ಭಾವಮೈದ ಪೈಪಿಗೆ ಜೋತುಬಿದ್ದ, ನಾನು ಸೈಕಲ್ಲಿನ ಮೇಲೆ ಅಂಗಾತ ಮಲಗಿ ಅದನ್ನು ಹಿಡಿದುಕೊಂಡೆ. ಕಿರ್ ಎಂದು ಸದ್ದಾಯಿತು.

"ಬಂತು!" ಎಂದರು ಮೂವರೂ.

ಬಂದಿರಲಿಲ್ಲ. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡು, "ಇನ್ನು ಒಂದೇ ದಾರಿ. ಕೊಯ್ಯೋದು. ಹ್ಯಾಕ್ಸಾ ಇದೆಯಾ?" ಎಂದರು.

ನನ್ನ ಗೋಡೆಯ ಮೇಲೆ ಹ್ಯಾಕ್ಸಾ ಇತ್ತು. ಇಪ್ಪತ್ತೇಳನೇ ನಂಬರು. ಸ್ಟೋರ್ ಕೀಪರಾಗಿ ನಾನು ಎಂದೂ ಸುಳ್ಳು ಹೇಳಿದವನಲ್ಲ. "ಸ್ಟಾಕ್ ಇಲ್ಲ ಸಾರ್" ಎಂದೆ. ಸಾಹೇಬರು ತಲೆಯೆತ್ತಿ ನನ್ನ ಹಿಂದಿನ ಗೋಡೆಯನ್ನು ನೋಡಿ ಅದನ್ನು ಇಳಿಸಿಕೊಂಡರು. ಸಹಿಯನ್ನೂ ಮಾಡಲಿಲ್ಲ.

ಆಗ ಹೆಂಡತಿ ಒಳಗೆ ಬಂದಳು.

ಅವಳ ಸೈಕಲ್ಲು ಕೋಣೆಯ ನಡುವೆ ಮಗ್ಗುಲಾಗಿ ಬಿದ್ದಿತ್ತು. ಪೈಪು ಅಡುಗೆಮನೆಗೆ ಹಾಯ್ದಿತ್ತು. ಟೈ ಕಟ್ಟಿದ ಒಬ್ಬರು ಬ್ಲೇಡು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಅವಳು ಯಾರನ್ನೂ ಏನೂ ಕೇಳದೆ ನನ್ನ ಕಡೆ ತಿರುಗಿದಳು.

"ಇದನ್ನ ಹಾಕಿದ್ದು ನೀವೇ ಅಲ್ವೇನ್ರೀ? ಹೇಗೆ ಹಾಕಿದ್ರೋ ಹಾಗೇ ತೆಗೀರಿ."

ಎಲ್ಲರೂ ನನ್ನನ್ನು ನೋಡಿದರು. ಅಷ್ಟು ಹೊತ್ತಿನಿಂದ ಯಾರ ತಲೆಗೂ ಹೊಳೆಯದ ಮಾತು ಅದು. ಗಡಿಯಾರದಲ್ಲಿ ನಾಲ್ಕು ಗಂಟೆ ಎಂಟು ನಿಮಿಷ. ಸಾಹೇಬರ ಬ್ಲೇಡು ಪೆಡಲ್ ಕೂರುವ ಕ್ರ್ಯಾಂಕಿನಿಂದ ಎರಡು ಬೆರಳು ದೂರದಲ್ಲಿತ್ತು. ಕೊಯ್ದರೆ ನನ್ನ ಮಾನ ಉಳಿಯುತ್ತದೆ, ಅವಳ ಬೆಟ್ಟ ಹೋಗುತ್ತದೆ.

"ನಾನು ಹಾಕಿಲ್ಲ" ಎಂದೆ. "ಪೆಡಲ್ಲೂ ಹಾಕಿಲ್ಲ, ಏನೂ ಹಾಕಿಲ್ಲ. ಹಿಂದಿನ ಬೀದಿ ಅಂಗಡಿಯವರು ಕಟ್ಟಿದ್ದು. ನಾನು ಗ್ರೀಸು ಬಳ್ಕೊಂಡು ಕೂತಿದ್ದೆ."

 ಸಾಹೇಬರು ಎದ್ದು ನನ್ನ ಬೆನ್ನು ತಟ್ಟಿದರು. "ಛೆ ಛೆ, ಒಂದು ಪೆಡಲ್ಲಿಗೆ ಹೀಗೆ ಎದೆಗುಂದಬಾರ್ದು. ದೊಡ್ಡ ದೊಡ್ಡ ಎಂಜಿನಿಯರುಗಳಿಗೂ ಹೀಗಾಗುತ್ತೆ."

"ಇಲ್ಲ ಸಾರ್, ನಿಜವಾಗ್ಲೂ ನಾನಲ್ಲ."

"ಎಂಥಾ ವಿನಯ ನೋಡಿ!" ಎಂದರು ಮೇಷ್ಟ್ರು, ಕಣ್ಣು ಒದ್ದೆ ಮಾಡಿಕೊಂಡು.

"ಭಾವಾ, ನಮಗೆಲ್ಲ ಬೇಜಾರಾಗ್ಬಾರ್ದು ಅಂತ ತಪ್ಪನ್ನೆಲ್ಲ ನಿಮ್ಮ ಮೇಲೆ ಹಾಕ್ಕೋಬೇಡಿ" ಎಂದ ಭಾವಮೈದ. ನನ್ನನ್ನು ಕಂಡರೆ ಮೂಗು ಮುರಿಯುತ್ತಿದ್ದವನು, ನಂಬಬೇಕಾದ ಒಂದೇ ಒಂದು ಮಾತನ್ನು ನಂಬಲಿಲ್ಲ!

ನಂಬಿದವಳು ಒಬ್ಬಳೇ. ಅವಳು ಸೈಕಲ್ಲನ್ನು ಎತ್ತಿ ನಿಲ್ಲಿಸಿ, "ಅಂಗಡಿ ಎಲ್ಲಿದೆ? ನಡೀರಿ" ಎಂದಳು.

ಅವಳು ಸೈಕಲ್ ತಳ್ಳುತ್ತ ಮುಂದೆ. ನಾನು ಸ್ಪ್ಯಾನರ್ ಹಿಡಿದು ಹಿಂದೆ, ನನ್ನ ಹಿಂದೆ ಪೈಪು ಹೊತ್ತ ಭಾವಮೈದ ಮತ್ತು ಮೇಷ್ಟ್ರು, ಕೊನೆಯಲ್ಲಿ ಸಾಹೇಬರು. ತಿರುವಿನಲ್ಲಿ ಅವಳು ನನ್ನ ಕಡೆ ನೋಡದೆಯೇ ಹೇಳಿದಳು: "ನನಗೆ ಬೇಕಿದ್ದಿದ್ದು ಸೈಕಲ್ ಕಣ್ರೀ. ಮೆಕ್ಯಾನಿಕ್ ಅಲ್ಲ." ನನಗೆ ನಾಚಿಕೆಯಾಯಿತು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಂಗಡಿಯ ಯಜಮಾನರು ಪೆಡಲಿಗೆ ಸ್ಪ್ಯಾನರ್ ಹಾಕಿ ಅಲ್ಲಾಡಿಸಿ ನೋಡಿದರು. ಹುಬ್ಬು ಮೇಲೇರಿತು.

"ಯಾರು ಸಾರ್ ಇದನ್ನ ಇಷ್ಟು ಬಿಗಿ ಮಾಡಿದ್ದು?"

ನಾವು ನಾಲ್ವರೂ ಬೇರೆಬೇರೆ ಕಡೆ ನೋಡಿದೆವು.

"ಎಡಗಡೆ ಪೆಡಲ್ ಉಲ್ಟಾ ಸಾರ್. ಎಲ್ಲದರ ಹಾಗೆ ಇದಕ್ಕೂ ಬಲ ತಿರುಪೇ ಕೊಟ್ಟಿದ್ರೆ ತುಳೀತಾ ತುಳೀತಾ ತಾನೇ ಬಿಚ್ಕೊಂಡು ಬಿದ್ದುಹೋಗುತ್ತೆ. ಅದಕ್ಕೇ ಇದನ್ನ ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ, ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗುತ್ತೆ. ನೀವು ಇಷ್ಟು ಹೊತ್ತೂ ಬಿಗಿ ಮಾಡ್ತಾ ಇದ್ದೀರಿ."

"ಇದು ಪ್ರಕೃತಿ ನಿಯಮಕ್ಕೆ ವಿರುದ್ಧ" ಎಂದರು ಸಾಹೇಬರು, ಬೇಸರದಿಂದ.

ಯಜಮಾನರು ನಮ್ಮದೇ ಪೈಪನ್ನು ಈಸಿಕೊಂಡು, ಸ್ಪ್ಯಾನರಿಗೆ ತೊಡಿಸಿ, ಆಚೆ ದಿಕ್ಕಿಗೆ ಕಾಲಿಟ್ಟು ತುಳಿದರು. ಟಕ್ ಎಂದಿತು. ಆಮೇಲೆ ಬೆರಳಲ್ಲೇ ತಿರುಗಿಸಿ ಪೆಡಲನ್ನು ಹೆಂಡತಿಯ ಕೈಗಿಟ್ಟರು. ನಾವು ಮನೆ ಮುಟ್ಟುವಾಗ ವ್ಯಾನು ಬಾಗಿಲಲ್ಲಿ ನಿಂತಿತ್ತು, ಲ್ಯಾಬಿನ ಹಿರಿಯ ಮೇಡಂ ಪಟ್ಟಿ ಹಿಡಿದು ತಲೆ ಚಚ್ಚಿಕೊಳ್ಳುತ್ತಿದ್ದರು. ನಾಳೆ ಬೆಟ್ಟದ ಬುಡದಲ್ಲಿ ಪೆಡಲ್ ಹಾಕಿಕೊಡಬೇಕಾದ ಮೆಕ್ಯಾನಿಕ್ ಕೈಕೊಟ್ಟಿದ್ದನಂತೆ.

"ನಮ್ಮ ಭಾವ ಇಲ್ವಾ!" ಎಂದು ಭಾವಮೈದ ನನ್ನನ್ನು ಮುಂದೆ ನೂಕಿದ.

"ಮೇಡಂ, ನನಗೆ ಏನೂ ಬರಲ್ಲ. ಎಡಗಡೆದು ಉಲ್ಟಾ ಅನ್ನೋದೊಂದು ಗೊತ್ತು" ಎಂದೆ.

"ಅಷ್ಟು ಗೊತ್ತಿದ್ರೆ ಸಾಕು. ಬೆಳಿಗ್ಗೆ ಆರಕ್ಕೆ ಬಂದ್ಬಿಡಿ."

ಹೋದೆ. ಇಪ್ಪತ್ತಾರು ಸೈಕಲ್ಲು, ಐವತ್ತೆರಡು ಪೆಡಲ್. ನೆಲದ ಮೇಲೆ ಮಂಡಿಯೂರಿ ಒಂದೊಂದನ್ನೇ ಬೆರಳಲ್ಲಿ ಹಿಡಿಸಿ, ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ, ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ. ಯಾರೂ ಚೀಟಿ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿಯ ಸೈಕಲ್ಲನ್ನು ಕೊನೆಗೆ ಇಟ್ಟುಕೊಂಡು, ಹಾಕಿ, ತಿರುಗಿಸಿ ನೋಡಿ, ಮತ್ತೊಮ್ಮೆ ನೋಡಿ, ಮೂರನೇ ಸಲ ನೋಡುವಾಗ ಅವಳು, "ಬಿಡ್ರೀ, ಎಲ್ರೂ ಹೊರಟ್ರು" ಎಂದು ಹತ್ತಿಕೊಂಡು ಹೋದಳು.

ಎರಡೂವರೆ ಗಂಟೆ ನಾನು ಬೆಟ್ಟವನ್ನೇ ನೋಡುತ್ತ ಕೂತೆ. ಮೇಲೆ ಎಲ್ಲೋ ಒಂದು ಎಡಗಡೆಯ ಪೆಡಲ್ ಕಳಚಿ ಬೀಳುವುದು ಕಣ್ಣಿಗೆ ಕಟ್ಟುತ್ತಲೇ ಇತ್ತು. ಹೆಂಗಸರು ಒಬ್ಬೊಬ್ಬರಾಗಿ ಇಳಿದು ಬಂದರು. ಹದಿನೇಳನೆಯವಳಾಗಿ ಅವಳು ಬಂದಳು. ಕೆನ್ನೆಯ ಮೇಲೆ ಧೂಳು, ಹಣೆಯ ಮೇಲೆ ಬೆವರು.

"ಕಾಣ್ತಾ?" ಎಂದೆ.

"ತುಂಬಾ ದೂರ ಕಾಣ್ತು ರೀ" ಎಂದಳು.

ಮೇಡಂ ನೀರಿನ ಬಾಟಲಿ ಹಿಡಿದು ಬಂದರು. "ಒಳ್ಳೇ ಸೈಕಲ್. ಇವರೇ ಕಟ್ಟಿದ್ದಂತೆ ಅಲ್ವಾ? ನಿಮ್ಮ ತಮ್ಮ ಹೇಳ್ತಿದ್ರು."

ನಾನು ತಲೆ ತಗ್ಗಿಸಿ ನಿಂತೆ.

"ಕಟ್ಟಿದ್ದು ಅಂಗಡಿಯವರು ಮೇಡಂ" ಎಂದಳು ಹೆಂಡತಿ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, ಸೈಕಲ್ಲಿನ ಮೇಲೆ ಒಂದು ಕೈ, ನನ್ನ ಭುಜದ ಮೇಲೆ ಒಂದು ಕೈ ಇಟ್ಟು ಹೇಳಿದಳು: "ಆದ್ರೆ ಪೆಡಲ್ ಹಾಕಿದ್ದು ನಮ್ಮನೆಯವರು."

"ಎರಡೂ ಪೆಡಲ್" ಎಂದು ನಾನು ಸೇರಿಸಿದೆ.